ಆಷಾಢದಾಗ ಅಳಿಸಿಹೋದ ಲಗ್ನಪತ್ರಿಕಾ

ಬೈಲಹೊಂಗಲದಾಗ ನಂದು ಲಗ್ನಪತ್ರಿಕಾ ಟೈಪ್ ಮಾಡೋ ಅಂಗಡಿ. ಒಂದು ಮನ್ಯಾಗ ಅಣ್ಣನ ಲಗ್ನದ ಹಳೇ ಪತ್ರಿಕಾ ತಗದು ತಮ್ಮನ ಹೆಸರು ಹಾಕಿದ್ರ ಕೆಲಸ ಹಗುರ, ಬಳಗದ ಒಂದು ಹೆಸರೂ ಬಿಟ್ಟುಹೋಗೂದಿಲ್ಲ. ಒಂದು ಹೆಸರು ಬಿಟ್ರ ಜಗಳಾನ. ಅದಕ್ಕ ಬ್ರಾಡ್‌ಬ್ಯಾಂಡ್ ಬಂದ ಹೊಸತನದಾಗ ಎಲ್ಲಾ ಪತ್ರಿಕಾ ಒಂದು ಆನ್‌ಲೈನ್ ಬ್ಯಾಕಪ್ ಕಂಪನ್ಯಾಗ ಇಟ್ಟೆ. ‘ನಿಮ್ಮ ಫೈಲ್ ಸದಾ ಸುರಕ್ಷಿತ’ ಅಂತ ದೊಡ್ಡ ಅಕ್ಷರದಾಗ ಬರಕೊಂಡಿದ್ರು.

ಶ್ರಾವಣ ಹತ್ತೂದಕ್ಕೂ ನನ್ನ ಹಾರ್ಡ್‌ಡಿಸ್ಕ್ ಕೆಡೂದಕ್ಕೂ ಸರಿಹೋತು. ಅಲ್ಲಿ ಇಟ್ಟೇನಲ್ಲ ಅಂತ ತಗದು ನೋಡಿದ್ರ ಒಂದೂ ಇಲ್ಲ! ಸಿಟ್ಟು ನೆತ್ತಿಗೇರಿ ಬೆಂಗಳೂರಿನ ಅವರ ಆಫೀಸಿಗೆ ಫೋನ್ ಹಚ್ಚಿದೆ.

“ಮೂವತ್ತು ದಿನ ನೀವು ಲಾಗಿನ್ ಆಗಿಲ್ಲ ಸರ್. ಅದಕ್ಕೆ ಸಿಸ್ಟಮ್ ಅಳಿಸಿದೆ” ಅಂದ್ಲು ಒಬ್ಬ ಹುಡುಗಿ.

“ಆಷಾಢದಾಗ ಯಾರು ಲಗ್ನ ಮಾಡ್ತಾರವ್ವಾ? ಕೆಲಸನ ಇಲ್ದಾಗ ನಾ ಯಾಕ ಲಾಗಿನ್ ಆಗ್ಲಿ?”

“ಗೊತ್ತು ಸರ್. ಆಷಾಢ ಅಂತ ನನ್ನ ಮದುವೇನೂ ಮುಂದಕ್ಕೆ ಹೋಗಿದೆ. ಆದರೆ ಸಿಸ್ಟಮ್‌ಗೆ ಅದೆಲ್ಲ ಗೊತ್ತಾಗಲ್ಲ.”

“ಹಂಗಾದ್ರ ನಿಮ್ಮ ಪತ್ರಿಕಾನೂ ಅಳಿಸಿ ಒಗದಿರಬೇಕಲ್ಲ?” ಅಂತ ಒದರಿದೆ.

ಆಕಿ ದನಿ ಸಣ್ಣದು ಮಾಡಿದ್ಲು. “ಇಲ್ಲ ಸರ್, ನಾನು ಸಿಡಿಯಲ್ಲಿ ಇಟ್ಕೊಂಡಿದ್ದೀನಿ.”