ಕುದಿಯುವ ನೆಲಕ್ಕೆ ಉಡಿ

ಕೆನಡಾದ ಮಿಲ್ಟನ್ನಿನ ನಮ್ಮ ಮನೆಯಲ್ಲಿ ಆ ಚಳಿಗಾಲವಿಡೀ ಅತ್ತೆ ನೋಡಿದ್ದು ಒಂದೇ ಬಗೆಯ ವಿಡಿಯೋ: ಭೂಮಿ ಕುದಿಯುವುದು. ನ್ಯೂಜಿಲೆಂಡಿನ ಕೆಸರಿನ ಹೊಂಡ, ಅಮೆರಿಕದ ಬಿಸಿನೀರಿನ ಬುಗ್ಗೆ, ಐಸ್‌ಲ್ಯಾಂಡಿನ ಹಬೆ. ಧಾರವಾಡದಿಂದ ಬಂದವರು ನಯಾಗರಾ ನೋಡಿ 'ಚಲೋ ಐತಿ' ಎಂದಷ್ಟೇ ಹೇಳಿ ಕಾರು ಹತ್ತಿದ್ದರು. ಕೆಸರು ಗುಳ್ಳೆಯೆದ್ದರೆ ಮಾತ್ರ ಊಟ ಮರೆಯುತ್ತಿದ್ದರು. ಭೂಮಿತಾಯಿ, ಗಂಗವ್ವ ಇಬ್ಬರೂ ಕೂಡುವ ಜಾಗವಂತೆ ಅದು. ಒಮ್ಮೆ ಅಲ್ಲಿಗೆ ಹೋಗಿ ಉಡಿ ತುಂಬಬೇಕೆಂಬುದು ಅವರ ಹಠ.

ಟೊರಾಂಟೊದಿಂದ ಐಸ್‌ಲ್ಯಾಂಡಿಗೆ ನೇರ ವಿಮಾನವಿದೆ ಎಂದು ಬಾಯಿಬಿಟ್ಟವಳು ನಾನೇ. ಗಂಡನಿಗೆ ವೇರ್‌ಹೌಸಿನಲ್ಲಿ ರಜೆ ಸಿಗಲಿಲ್ಲ. ಅತ್ತೆ ಸೊಸೆ ಇಬ್ಬರೇ ಹೊರಟೆವು. ಅವರ ಕೈಚೀಲದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಬೇರು, ಹಸಿರು ಖಣ ಇದ್ದವು.

ಕೆಸರಿನ ಹೊಂಡದ ಮುಂದೆ ನಿಂತಾಗ ನಾನೂ ಮೈಮರೆತೆ. ಬೂದು ಕೆಸರು ಒಲೆಯ ಮೇಲಿನ ಝುಣಕದ ಹಾಗೆ ಲೊಟಲೊಟ ಕುದಿಯುತ್ತಿತ್ತು. ಒಂದು ಗುಳ್ಳೆ ಉಬ್ಬುವುದು, ಒಡೆಯುವುದು, ಉಂಗುರವಾಗಿ ಹರಡುವುದು, ಅಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು. ಉರಿ ಸಣ್ಣ ಮಾಡಬೇಕಿತ್ತು ಎಂದು ಅತ್ತೆ ಗಂಭೀರವಾಗಿ ಹೇಳಿದರು. ಸ್ವಲ್ಪ ಆಚೆ ಬುಗ್ಗೆ. ನೀಲಿ ನೀರು ಮೊದಲು ತಗ್ಗಿತು, ಆಮೇಲೆ ದೊಡ್ಡದಾಗಿ ಉಬ್ಬಿತು, ಮರುಕ್ಷಣ ಮುಗಿಲಿಗೆ ಚಿಮ್ಮಿತು. ಹಬೆ ಮುಖಕ್ಕೆ ಬಡಿದಾಗ ನಾನು ಚಿಕ್ಕ ಹುಡುಗಿಯಂತೆ ನಕ್ಕೆ. ಅಷ್ಟು ಖುಷಿಯಾಗಿ ಎಷ್ಟೋ ಕಾಲವಾಗಿತ್ತು.

ಅತ್ತೆ ಚೀಲ ಬಿಚ್ಚಿದರು. ನಮ್ಮ ಬಸ್ಸಿನ ಗೈಡು, ತುಂಬು ಬಸುರಿ, ಏದುಸಿರು ಬಿಡುತ್ತ ಬಂದಳು. ಏನೂ ಹಾಕುವಂತಿಲ್ಲ, ಒಳಗಿನ ದಾರಿ ಕಟ್ಟಿಕೊಂಡರೆ ಬುಗ್ಗೆಯೇ ಸತ್ತುಹೋಗುತ್ತದೆ ಎಂದಳು. ನಾನು ಕನ್ನಡದಲ್ಲಿ ಹೇಳಿದೆ. ಅತ್ತೆಯ ಮುಖ ಸಣ್ಣದಾಯಿತು.

"ಇಷ್ಟು ದೂರ ಬಂದು ಉಡಿ ತಿರುಗಿ ಒಯ್ಯೂದೇನವಾ?"

ಏನೂ ಎಸೆಯಬೇಡಿ ಎಂದು ಸುತ್ತ ನೆಟ್ಟಿದ್ದ ಬೋರ್ಡುಗಳ ಮೇಲೆಲ್ಲ ನನಗೆ ಸಿಟ್ಟು ಬಂತು. ಅತ್ತೆ ಮಾತ್ರ ಗೈಡಿನ ಹೊಟ್ಟೆಯನ್ನೇ ನೋಡುತ್ತಿದ್ದರು. ಇವಳ ಬಾಣಂತನ ಯಾರು ಮಾಡುತ್ತಾರೆ ಕೇಳು ಎಂದರು. ಆ ಮಾತನ್ನು ಇಂಗ್ಲಿಷಿಗೆ ತರಲು ಪರದಾಡಿ, ಹೆರಿಗೆಯಾದ ಮೇಲೆ ನಿನ್ನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದೆ. ತಾಯಿ ಇಲ್ಲ, ಹೇಗೋ ಆಗುತ್ತದೆ ಎಂದು ಅವಳು ಭುಜ ಕುಣಿಸಿದಳು.

ಅತ್ತೆ ಅವಳ ಜಾಕೆಟ್ಟಿನ ಅಂಚನ್ನು ಸೆರಗಿನಂತೆ ಹಿಡಿಸಿದರು. ಖಣ ಇಟ್ಟು, ಕೊಬ್ಬರಿ, ಅರಿಶಿನ ಇಟ್ಟು, ಬೊಗಸೆ ಬೊಗಸೆ ಅಕ್ಕಿ ಹಾಕಿದರು. ಗೈಡು ಕಕ್ಕಾಬಿಕ್ಕಿಯಾಗಿ ನನ್ನನ್ನು ನೋಡಿದಳು. ಇದು ಬಸುರಿಗೆ ತಾಯಿ ಕೊಡುವ ಹಾರೈಕೆ ಎಂದೆ.

"ಉಡಿ ತುಂಬಿಸ್ಕೊಂಡಾಕಿ ಮನಿ ಮಗಳಾದ್ಳು. ಮಿಲ್ಟನ್ನಿಗೆ ಬಾ ಅಂತ ಹೇಳವಾ. ಬಾಣಂತನ ನಾವ ಮಾಡೂಣು."

ಒಂದಕ್ಷರ ಬಿಡದೆ ಹೇಳಿದೆ. ಹಿಂದೆ ಬುಗ್ಗೆ ಮತ್ತೆ ಚಿಮ್ಮಿತು, ಜನ ಕೂಗಿದರು. ನಾವು ಮೂವರೂ ತಿರುಗಲಿಲ್ಲ. ಅವಳು ಅಕ್ಕಿ ಚೆಲ್ಲದಂತೆ ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಕಣ್ಣು ತುಂಬಿಕೊಂಡು, ಮಿಲ್ಟನ್ ಎಲ್ಲಿದೆ ಎಂದು ಕೇಳಿದಳು.