ಒಯ್ಯಲಿ ಬಿಡ್ರಿ ಅನ್ನುತ್ತಿದ್ದ ಮೇಷ್ಟ್ರು

ಕೊಡಿಗೇಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಮೇಷ್ಟ್ರು ಧಾರವಾಡದ ಕಡೆಯವರು. ಅವರ ಕಾಂಪೌಂಡಿನ ಕರಿಬೇವನ್ನು ಯಾರೇ ಕಿತ್ತರೂ ಕನ್ನಡಕ ಹಣೆಗೇರಿಸಿ, "ಒಯ್ಯಲಿ ಬಿಡ್ರಿ" ಅನ್ನುತ್ತಿದ್ದರು. ಮೊಬೈಲಿನಲ್ಲಿ ಕನ್ನಡ ಬರೀ ಚೌಕಗಳಾಗಿ ಕಾಣುತ್ತಿದ್ದ ಕಾಲದಲ್ಲೇ ಅವರು ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಬರೆದು, ಯಾರು ಬೇಕಾದರೂ ತಿದ್ದಿಕೊಳ್ಳಲೆಂದು ಒಳಗಿನ ಕೋಡ್ ಸಮೇತ ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಪುಕ್ಕಟೆ ಬಿಟ್ಟಿದ್ದರು.

ನಾನು ಕೆಲಸ ಮಾಡುವ ಫೋನ್ ಕಂಪನಿ ಅವರಿಗೊಂದು ಮಾತೂ ಹೇಳದೆ ಅದನ್ನು ತನ್ನ ಹೊಸ ಫೋನಿಗೆ ಹಾಕಿಕೊಂಡಿತು. ಮುಜುಗರದಿಂದಲೇ ಫೋನ್ ತೋರಿಸಿದೆ. "ಒಯ್ಯಲಿ ಬಿಡ್ರಿ" ಎಂದು ಖುಷಿಯಾಗಿ ಟೈಪ್ ಮಾಡುತ್ತಿದ್ದವರು ತಟ್ಟನೆ ನಿಲ್ಲಿಸಿದರು. ಅವರ ಎಷ್ಟೋ ಭಾನುವಾರಗಳನ್ನು ತಿಂದರೂ ಸರಿಹೋಗದಿದ್ದ ಒಂದು ಒತ್ತಕ್ಷರ ಇಲ್ಲಿ ಸರಿಯಾಗಿ ಮೂಡಿತ್ತು.

"ಇದನ್ನ ಯಾರ್ ಸರಿ ಮಾಡ್ಯಾರ?"

"ನಮ್ಮ ಆಫೀಸಿನವ್ರು, ಸರ್."

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ಕಂಪನಿಯಿಂದ ಏನಾದ್ರೂ ದುಡ್ಡು ಕೊಡಿಸ್ಲಾ ಸರ್?" ಅಂದೆ. ಅವರ ಮುಖ ಕೆಂಪಾಯಿತು.

"ರೊಕ್ಕ ಯಾರ್ ಕೇಳ್ಯಾರ್ರೀ? ಸರಿ ಮಾಡಿದ್ದನ್ನ ತಿರುಗಿ ಕೊಟ್ಟಿದ್ರ ಎಲ್ಲಾರಿಗೂ ಉಪಯೋಗ ಆಗ್ತಿತ್ತಲ್ಲ!"

ನನಗೂ ರೇಗಿತು. ಪೂರ್ತಿ ಸಾಫ್ಟ್‌ವೇರನ್ನೇ ಒಯ್ದರೂ ಬೇಜಾರಿಲ್ಲದ ಮನುಷ್ಯನಿಗೆ ಒಂದು ಒತ್ತಕ್ಷರಕ್ಕೆ ಇಷ್ಟು ಕೋಪವೇ? ಆದರೂ ಆಫೀಸಿನಲ್ಲಿ ಕೇಳಿದೆ. "ತಿದ್ದಿದ್ದನ್ನ ವಾಪಸ್ ಕೊಡಿ ಅಂತ ಅವ್ರು ಷರತ್ತೇ ಹಾಕಿಲ್ವಲ್ಲ ಗುರು" ಅಂದ ಮ್ಯಾನೇಜರ್. ಅದೂ ನಿಜವೇ.

ಸಂಜೆ ಇದನ್ನು ಹೇಳಿದಾಗ ಮೇಷ್ಟ್ರು ರೇಗಲಿಲ್ಲ. ಕನ್ನಡಕ ಹಣೆಗೇರಿಸಿ, ನಿಜವಾಗಿಯೂ ತಿಳಿಯದವರ ಹಾಗೆ ಕೇಳಿದರು: "ಇದಕ್ಕೂ ಷರತ್ತು ಹಾಕಬೇಕಾಗಿತ್ತೇನ್ರೀ?"

ಆಮೇಲೆ ಎಂದಿನಂತೆ ಕರಿಬೇವು ಮುರಿದು ನನ್ನ ಕೈಗಿಟ್ಟರು. ಬೇಡ ಅನ್ನಲೋ, ಮನೆಗೆ ಒಯ್ಯಲೋ ತಿಳಿಯದೆ ಗೇಟಿನಲ್ಲೇ ನಿಂತುಬಿಟ್ಟೆ.