ಸೊಸೆಯನ್ನು ಅವ್ವ ಎಂದು ಕರೆದ ವರ್ಷ

ನನ್ನ ಮೊಮ್ಮಗಳು ಮೊದಲು ಆಡಿದ ಮಾತು ‘ಅವ್ವ’. ಆಡಿದ್ದು ನನ್ನ ಮುಖ ನೋಡಿ. ಆ ಹೊತ್ತಿಗೆ ಅವಳನ್ನು ಹೆತ್ತವಳು, ಅಂದರೆ ನನ್ನ ಸೊಸೆ, ಜರ್ಮನಿಯ ಯಾವುದೋ ಊರಿನ ಆಸ್ಪತ್ರೆಯಲ್ಲಿ ಯಾರದೋ ಮನೆಯ ಮುದುಕಿಗೆ ಊಟ ಮಾಡಿಸುತ್ತಿದ್ದಿರಬೇಕು. ನಾನು ಬೆಳಗಾವಿಯ ಹಿಂದವಾಡಿಯಲ್ಲಿ, ಮಗನ ಬಾಡಿಗೆ ಮನೆಯಲ್ಲಿ ರವೆಯ ಸಜ್ಜಕ ತಿರುವುತ್ತಿದ್ದೆ. ಕೂಸು ಗೋಡೆ ಹಿಡಿದುಕೊಂಡು ಬಂದು ನನ್ನ ಸೆರಗು ಜಗ್ಗಿ ‘ಅವ್ವ’ ಅಂದಿತು. ಹೊಳ್ಳಿ ನೋಡಿದೆ. ಮತ್ತೆ ಅಂದಿತು. ಎತ್ತಿಕೊಂಡು ಅಡಿಗೆಮನೆಯಲ್ಲೇ ಗಿರಗಿರ ತಿರುಗಿದೆ. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಸಜ್ಜಕ ತಳ ಹತ್ತಿದ ವಾಸನೆ ಬಂದಾಗಲೇ ಎಚ್ಚರ. ಕೂಸನ್ನು ಕೆಳಗಿಳಿಸಿ ಪಾತ್ರೆ ತಿಕ್ಕಲು ಕೂತೆ. ಕರಿ ಬಿಡಲೊಲ್ಲದು. ಮುಂದೆ ಕಪಾಟಿನ ಮೇಲೆ ಸೊಸೆಯ ಫೋಟೋ ಇತ್ತು. ಅತ್ತ ಕಡೆ ನೋಡದೆ ತಿಕ್ಕಿದೆ.

ಸೊಸೆ ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ನರ್ಸಾಗಿದ್ದಳು. ಬಸುರಿದ್ದಾಗಲೇ ಸಂಜೆ ಕ್ಲಾಸಿಗೆ ಹೋಗಿ ಆ ದೇಶದ ಭಾಷೆ ಕಲಿತಳು. ರೊಟ್ಟಿ ಬಡಿಯುತ್ತ ಬಾಯಿಪಾಠ ಮಾಡುತ್ತಿದ್ದಳು. ಬಡಿಯುವ ಸಪ್ಪಳಕ್ಕೆ ಸರಿಯಾಗಿ ಒಂದೊಂದು ಮಾತು. ನನಗೂ ಎರಡು ಮಾತು ಬಂದಿದ್ದವು, ಈಗ ಮರೆತಿವೆ. ನಾನು ಓದಿದ್ದು ನಾಲ್ಕನೆಯ ಇಯತ್ತೆ, ಅದೂ ಅರ್ಧ.

ಅಲ್ಲಿಂದ ಕೆಲಸಕ್ಕೆ ಕರೆ ಬಂದಾಗ ಕೂಸು ಇನ್ನೂ ಎದೆಹಾಲು ಕುಡಿಯುತ್ತಿತ್ತು. ಮೊದಲು ಇವಳೊಬ್ಬಳೇ ಹೋಗಬೇಕು, ಅಲ್ಲಿ ಮನೆ ಹಿಡಿಯಬೇಕು, ಆಮೇಲೆ ಗಂಡ ಮತ್ತು ಕೂಸಿಗೆ ಕಾಗದಪತ್ರ. ಮಗ ಊರ ಹೊರಗಿನ ಮಚ್ಛೆಯ ಒಂದು ಕಾರ್ಖಾನೆಯಲ್ಲಿ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ, ವಾರವಾರ ಪಾಳಿ ಬದಲಾಗುತ್ತಿತ್ತು. ಹಾಗಾಗಿ ಕೂಸನ್ನು ನೋಡಿಕೊಳ್ಳುವವರು ಯಾರು ಎಂಬ ಮಾತು ಬಂತು. ಸೊಸೆ ಬೀಡಿಗೆ, ನಮ್ಮ ಊರಿಗೆ ಬಂದು ನನ್ನ ಎದುರು ಕುಂತಳು.

“ಅತ್ತಿ, ನೀವು ಹೂಂ ಅಂದ್ರ ಹೊಕ್ಕೇನಿ. ಇಲ್ಲಂದ್ರ ಇಲ್ಲ.”

ಅವಳ ಮಾತು ಮುಗಿಯುವ ಮೊದಲೇ ನಾನು ಹೂಂ ಅಂದೆ. ಅಷ್ಟು ಲಗೂನೆ ಅನ್ನಬಾರದಿತ್ತು ಎಂದು ಈಗಲೂ ಅನಿಸುತ್ತದೆ. ಹೊಲ, ದನ, ಮನೆ ಎಲ್ಲ ಹಿರಿಯ ಮಗ ಮತ್ತು ಅವನ ಹೆಂಡತಿಗೆ ಒಪ್ಪಿಸಿ, ನಮ್ಮ ಯಜಮಾನರಿಗೆ ಅವರ ಗುಳಿಗೆ ಎಲ್ಲಿವೆ ಎಂದು ತೋರಿಸಿ, ಖಾನಾಪುರದ ಮೇಲೆ ಬೆಳಗಾವಿಗೆ ಹೋಗುವ ಬಸ್ಸು ಹತ್ತಿದೆ. ಓಣಿಯವರೆಲ್ಲ ಹೊಗಳಿದರು. “ಇಂಥಾ ಅತ್ತಿ ಎಲ್ಲಿ ಸಿಗ್ತಾಳವಾ, ಸೊಸಿ ಸಲುವಾಗಿ ಮನಿ ಬಿಟ್ಟ ಹೊಂಟಾಳ” ಎಂದರು. ನಾನು ತಲೆ ತಗ್ಗಿಸಿ ನಿಂತೆ. ಹೊರಟದ್ದು ಸೊಸೆಯ ಸಲುವಾಗಿ ಅಲ್ಲ ಎಂದು ನನ್ನೊಬ್ಬಳಿಗೇ ಗೊತ್ತಿತ್ತು.

ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಸೊಸೆ ಕೂಸನ್ನು ನನ್ನ ಕೈಗೆ ಕೊಟ್ಟಳು. ಹಾಲು ನಿಲ್ಲಲಿ ಎಂದು ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಿದ್ದಳು. ಆದರೂ ಮೇಲಿನ ಕುಪ್ಪಸ ತೊಯ್ದಿತ್ತು. ಮೇಲೊಂದು ದುಪಟ್ಟಾ ಹೊದ್ದುಕೊಂಡು ಒಳಗೆ ಹೋದಳು. ಎಲ್ಲರ ಕಣ್ಣಲ್ಲೂ ನೀರು, ನನ್ನ ಕಣ್ಣಲ್ಲೂ. ಆದರೆ ಕೂಸಿನ ತಲೆ ನನ್ನ ಹೆಗಲಿಗೆ ಒರಗಿ ಭಾರವಾದ ಕೂಡಲೇ ನನ್ನ ಹೊಟ್ಟೆಯೊಳಗೆ ಏನೋ ಒಂದು ಕುಣಿಯಿತು. ಅದನ್ನು ಇಲ್ಲ ಎನ್ನಲಾರೆ.

ಯಾಕೆ ಎಂದು ಹೇಳಬೇಕು. ನಾನು ದೊಡ್ಡ ಮನೆಯ ಹಿರಿಯ ಸೊಸೆಯಾಗಿ ಬಂದವಳು. ಮನೆ ತುಂಬ ಮೈದುನರು. ಕುರಿ, ದನ, ಭತ್ತದ ಗದ್ದೆ. ಹೆತ್ತು ಒಂದೆರಡು ತಿಂಗಳಿಗೇ ನಾನು ಹೊಲಕ್ಕೆ, ಕೂಸು ಅತ್ತೆಯ ತೊಡೆಗೆ. ಎಲ್ಲ ಮನೆಯಲ್ಲೂ ಹಾಗೇ ನಡೆಯುತ್ತಿತ್ತು. ಮನೆಯವರೆಲ್ಲ ಅತ್ತೆಗೆ ಅವ್ವ ಅನ್ನುತ್ತಿದ್ದರು, ಮಕ್ಕಳೂ ಅವ್ವ ಅಂದವು. ಮೈದುನರೆಲ್ಲ ನನಗೆ ವೈನಿ, ಅಂದರೆ ಅತ್ತಿಗೆ ಅನ್ನುತ್ತಿದ್ದರು, ನಾನು ಹೆತ್ತ ಮಕ್ಕಳೂ ನನಗೆ ವೈನಿ ಅಂದವು. ಕೂಸು ಕೇಳಿದ್ದನ್ನೇ ತಾನೇ ಕಲಿಯುವುದು. ಸಂಜೆ ಹೊಲದಿಂದ ಬಂದರೆ ಮುಂದೆ ಮಚ್ಛೆಗೆ ಹೋಗುತ್ತಿದ್ದ ಇದೇ ಮಗ ಓಡಿ ಬಂದು, “ವೈನೀ, ಹಸಿವ್ಯಾಗೇತಿ” ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅತ್ತೆ ತೀರಿಕೊಂಡ ಮೇಲೆ, ಅವನು ಸಾಲೆಗೆ ಹೋಗುವಾಗ, ನಿಧಾನಕ್ಕೆ ಯವ್ವಾ ಎನ್ನಲು ಕಲಿತ. ಅಷ್ಟರಲ್ಲಿ ಅವನು ಎತ್ತಿಕೊಳ್ಳಲಾರದಷ್ಟು ದೊಡ್ಡವನಾಗಿದ್ದ. ಈ ವಯಸ್ಸಿನಲ್ಲಿ ಮೊದಲ ಸಲ ಹೊಲವಿಲ್ಲ, ದನವಿಲ್ಲ, ದಿನವಿಡೀ ಒಂದು ಕೂಸು ಮತ್ತು ನಾನು. ಅದಕ್ಕೆ ನೀರು ಎರೆಯುವುದು, ಉಣಿಸುವುದು, ಅದರ ಹಿಂದೆ ಅಂಬೆಗಾಲಿಡುವುದು. ಮಂಡಿನೋವು ಎಲ್ಲಿ ಹೋಯಿತೋ.

ಸೊಸೆ ದಿನಾ ಫೋನು ಮಾಡುತ್ತಿದ್ದಳು, ಮುಖ ಕಾಣುವ ಹಾಗೆ. ಆ ಊರನ್ನು ನಾನು ನೋಡಿದ್ದು ಆ ಫೋನಿನಲ್ಲೇ. ಮೊದಮೊದಲು ಆಸ್ಪತ್ರೆಯವರು ಕೊಟ್ಟ ಒಂದು ಕೋಣೆ, ನಾಲ್ವರಿಗೆ ಸೇರಿ ಒಂದು ಅಡಿಗೆಮನೆ. ಮೊದಲ ರವಿವಾರ ಎಲ್ಲ ಅಂಗಡಿ ಮುಚ್ಚಿರುತ್ತವೆ ಎಂದು ಗೊತ್ತಿಲ್ಲದೆ, ನಾನು ಕಟ್ಟಿಕೊಟ್ಟ ಶೇಂಗಾ ಚಟ್ನಿಯನ್ನು ಬರೀ ಬಾಯಲ್ಲಿ ತಿಂದಳಂತೆ. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದರೆ ಛತ್ತಿಗೆ ಅಂಟಿಸಿದ, ಹೊಗೆ ಕಂಡರೆ ಕೂಗುವ ಒಂದು ಡಬ್ಬಿ ಕಿರಚಲು ಶುರುಮಾಡಿ ಮಾಳಿಗೆಯ ಮಂದಿಯೆಲ್ಲ ಹೊರಗೆ ಬಂದು ನಿಂತರಂತೆ. ಮುಂದೊಂದು ರವಿವಾರ ಮಿಕ್ಸರ್ ಹಚ್ಚಿದ್ದಕ್ಕೆ ಕೆಳಗಿನ ಮನೆಯ ಅಜ್ಜ ಬಾಗಿಲು ಬಡಿದ.

“ಏನಂದ?” ಎಂದು ಕೇಳಿದೆ.

“ರವಿವಾರ ಸಪ್ಪಳ ಮಾಡಂಗಿಲ್ಲಂತ ಅತ್ತಿ.”

“ಹಂಗಾರ ಆ ಊರಾಗ ಕೂಸುಗೋಳು ರವಿವಾರ ಅಳೂದಿಲ್ಲೇನ?”

ಅವಳು ನಕ್ಕಳು. ಆಮೇಲೆ ಫೋನಿನಿಂದ ಮುಖ ಆಚೆ ತಿರುಗಿಸಿದಳು. ಕೂಸು ಎಂಬ ಮಾತು ಬಂದರೆ ಹಾಗೆ ಮಾಡುತ್ತಿದ್ದಳು.

ಮಮ್ಮಿ ನೋಡು ಎಂದು ನಾವು ತೋರಿಸಿ ತೋರಿಸಿ, ಕೂಸು ಫೋನಿಗೇ ಮಮ್ಮಿ ಎಂದು ಹೆಸರಿಟ್ಟಿತ್ತು. ಯಾರ ಫೋನು ರಿಂಗಾದರೂ “ಮಮ್ಮಿ, ಮಮ್ಮಿ” ಎಂದು ಅದರ ಕಡೆ ಕೈ ಚಾಚುತ್ತಿತ್ತು. ಕಾಯಿಪಲ್ಲೆ ಮಾರುವವನ ಫೋನು ಕೂಡ ಮಮ್ಮಿ. ಅವ್ವ ಅಂದರೆ ನಾನು. ಮಗ ಪಾಳಿ ಮುಗಿಸಿ ಬಂದು ಬಾಗಿಲಲ್ಲೇ “ಯವ್ವಾ, ಚಾ ಮಾಡ ಬೇ” ಎನ್ನುತ್ತಿದ್ದ. ಕೂಸೂ ಅವನ ಹಿಂದೆ “ಅವ್ವಾ, ಚಾ” ಎನ್ನುತ್ತಿತ್ತು. ತಿದ್ದಬೇಕಿತ್ತು. ತಿದ್ದಲಿಲ್ಲ. ನಾಳೆ ತಿದ್ದಿದರಾಯಿತು ಅನ್ನುತ್ತ ಎಷ್ಟೋ ನಾಳೆ ಕಳೆದೆ.

ಹೀಗಿರುವಾಗ ಒಂದು ಮಧ್ಯಾಹ್ನ ಸೊಸೆಯ ಫೋನು ಬಂತು. ಆ ದಿನ ಮಗನಿಗೂ ಸೂಟಿ, ಮೂವರೂ ಫೋನಿನ ಮುಂದೆ ಕೂತಿದ್ದೆವು. ಹಿಡಿಯಬೇಕೆಂದಿದ್ದ ಮನೆ ಬೇರೆ ಯಾರಿಗೋ ಹೋಯಿತು ಎಂದಳು. ಅಲ್ಲಿ ಖಾಲಿ ಮನೆ ನೋಡಲು ರೇಶನ್ ಅಂಗಡಿಯಂತೆ ಸಾಲು ನಿಲ್ಲಬೇಕಂತೆ. ಮನೆ ಇಲ್ಲದೆ ಕೂಸನ್ನು ಕರೆಸಲು ಬರುವುದಿಲ್ಲ, ಇನ್ನೂ ಆರು ತಿಂಗಳಾದರೂ ತಡ. ಮಗನ ಮುಖ ಇಳಿದುಹೋಯಿತು. ನಾನು “ಪಾಪ, ಇರ್ಲಿ ಬಿಡವಾ” ಎಂದೆ. ಬಾಯಿ ಪಾಪ ಅನ್ನುತ್ತಿತ್ತು, ಎದೆ ಆರು ತಿಂಗಳು, ಆರು ತಿಂಗಳು ಎಂದು ಬಡಿದುಕೊಳ್ಳುತ್ತಿತ್ತು.

ಸೊಸೆ ಮಾತು ತಿರುಗಿಸಲು ಕೂಸನ್ನು ಕೇಳಿದಳು, “ನಾ ಯಾರ ಹೇಳು ಪುಟ್ಟಿ?”

“ಮಮ್ಮಿ.”

“ಅವ್ವಾ ಅನ್ನು. ಅವ್ವಾ.”

ಕೂಸು ಫೋನು ನೋಡಿತು, ನನ್ನ ನೋಡಿತು. ಆಮೇಲೆ ನನ್ನ ಗಲ್ಲ ಹಿಡಿದು, ತಪ್ಪು ಹೇಳಿದವರಿಗೆ ತಿಳಿಸಿ ಹೇಳುವ ಹಾಗೆ, “ಅವ್ವ ಇಲ್ಲೈತಿ” ಎಂದಿತು.

ಸೊಸೆ ನಕ್ಕಳು. ಆ ನಗುವಿನ ಗುರುತು ನನಗೆ ಸಿಕ್ಕಿತು. ಹೊಲದಿಂದ ಬಂದು ಬುಟ್ಟಿ ಇಳಿಸುವ ಮೊದಲೇ ವೈನಿ ಅನ್ನಿಸಿಕೊಂಡು ನಾನು ನಗುತ್ತಿದ್ದ ನಗು ಅದೇ. ಎಲ್ಲರೂ ನಗುತ್ತಾರೆಂದು ನಕ್ಕು, ಮುಂದೆ ಹಿತ್ತಲಿಗೆ ಹೋಗಿ ಸೆರಗು ಬಾಯಿಗಿಟ್ಟುಕೊಳ್ಳುವವರ ನಗು. ಅವಳಿಗೆ ಅಲ್ಲಿ ಹಿತ್ತಲೂ ಇರಲಿಲ್ಲ, ನಾಲ್ವರ ಅಡಿಗೆಮನೆ.

ಆವತ್ತು ಚಹಾ ಕುಡಿಯುವಾಗ ಮಗನಿಗೆ ಹೇಳಿದೆ.

“ನಾಳಿಯಿಂದ ನನಗ ಯವ್ವಾ ಅನಬ್ಯಾಡ. ಕೂಸು ಕೇಳಿ ಕಲಿಬೇಕ, ಆಯಿ ಅನ್ನು.” ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ.

“ಯಾಕ ಬೇ?”

“ಅವ್ವಗ ಅನ್ನೂ ‘ಬೇ’ನೂ ಬ್ಯಾಡ. ಮತ್ತ ಅಕಿ ಫೋನ್ ಬಂದ್ರ ಅಕೀಗೆ ಅವ್ವಾ ಅನ್ನು.”

ಮಗ ಬಟ್ಟಲು ಕೆಳಗಿಟ್ಟ. “ಕಟ್ಟಿಕೊಂಡ ಹೇಣ್ತಿಗೆ ಅವ್ವಾ ಅಂತ ಕರಿಲೇನ? ಕಾರ್ಖಾನ್ಯಾಗ ಗೆಳ್ಯಾರಿಗೆ ಗೊತ್ತಾದ್ರ ಮುಗೀತು, ನಾ ಊರ ಬಿಡಬೇಕ.”

“ಹೆಂಗೂ ಬಿಡಾವನ ಇದ್ದಿ. ನಾ ಅತ್ತಿ ಆಗಿ ಕರಿತೇನಿ, ನಿನಗೇನ ದಾಡಿ? ಕೂಸಿನ ಮುಂದ ಅಷ್ಟ ಕರಿ.”

ಮರುದಿನ ಫೋನು ಬಂದಾಗ ನಾನೇ ಹಿಡಿದೆ. ಗಂಟಲು ಸರಿ ಮಾಡಿಕೊಂಡು, “ಅವ್ವಾ, ಊಟಾತೇನ?” ಎಂದೆ.

ಸೊಸೆ ತನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಹೊಳ್ಳಿ ನೋಡಿದಳು. “ಯಾರಿಗೆ ಅಂದ್ರಿ ಅತ್ತಿ?”

“ನಿನಗ.”

ಹಿಂದಿನಿಂದ ಮಗ, ಯಾರೋ ಕುತ್ತಿಗೆ ಹಿಡಿದ ಹಾಗೆ, “ಅವ್ವಾ, ಆರಾಮೇನ?” ಎಂದ. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಫೋನಿನಲ್ಲಿ ತಿಳಿಯಲಿಲ್ಲ.

ಅಂದಿನಿಂದ ಅದೇ ನಡೆಯಿತು. ಕೂಸು ಎದ್ದು ಕಣ್ಣು ಬಿಟ್ಟ ಮೇಲೆ, ಅದಕ್ಕೆ ಕೇಳುವ ಹಾಗೆ, ನಾನು ಸೊಸೆಯ ಫೋಟೋಕ್ಕೆ “ಅವ್ವಾ, ಎದ್ದಿ?” ಎನ್ನುತ್ತಿದ್ದೆ. ಅಂಗಿ ತೊಡಿಸುವಾಗ “ಇದು ಅವ್ವ ಕಳಿಸಿದ್ದು” ಎನ್ನುತ್ತಿದ್ದೆ. ಕೆಳಗಿನ ಮನೆಯ ಮಾಲಕರ ಹೆಂಡತಿ ಮರಾಠಿಯವರು. ಮೆಟ್ಟಿಲ ಮೇಲೆ ಕೂತು ಒಂದು ದಿನ ಕೇಳಿದರು, “ಅಹೋ ಬಾಯಿ, ಸುನೇಗೆ ಅವ್ವಾ ಅಂತೀರಲ್ಲ, ಉಲ್ಟಾ ಆತಲ್ಲರೀ?” ನಾನು, “ಉಲ್ಟಾ ಆಗಿದ್ದನ್ನ ಸುಲ್ಟಾ ಮಾಡಾತೇನ್ರಿ” ಎಂದೆ. ಅವರು ನಕ್ಕರು.

ಒಂದು ಬೆಳಿಗ್ಗೆ ತಲೆ ಬಾಚುವಾಗ ಕೂಸು ನನಗೆ “ಆಯಿ, ನೋವು” ಎಂದಿತು. ಮಾಡಿದ ಕೆಲಸ ಕೈಗೂಡಿತ್ತು. ಹಣಿಗೆ ಕೈಯಲ್ಲೇ ಉಳಿಯಿತು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಆಗಲಿಲ್ಲವಲ್ಲ ಎಂದು ಮತ್ತೊಂದು ಕಸಿವಿಸಿ. ಮಗನೂ ಈಗ ಸಲೀಸಾಗಿ ಆಯಿ ಅನ್ನುತ್ತಿದ್ದ. ಯವ್ವಾ ಎಂದು ಕರೆಯುವವರು ಆ ಮನೆಯಲ್ಲಿ ಯಾರೂ ಉಳಿಯಲಿಲ್ಲ.

ಮಳೆಗಾಲ ಕಳೆದು ಸೊಸೆಗೆ ಮನೆ ಸಿಕ್ಕಿತು. ಕಾಗದಪತ್ರ ಆದವು. ಗಂಡನನ್ನೂ ಕೂಸನ್ನೂ ಕರೆದುಕೊಂಡು ಹೋಗಲು ತಾನೇ ಬಂದಳು. ಹಿಂದಿನ ದಿನದಿಂದ ನನಗೆ ಒಂದೇ ಹೆದರಿಕೆ: ಕೂಸು ಅವಳ ಹತ್ತಿರ ಹೋಗದಿದ್ದರೆ? ಹೋಗದಿದ್ದರೆ ಅದು ನನ್ನಿಂದ.

ಬಾಗಿಲಲ್ಲಿ ಸೊಸೆ ನಿಂತಳು, ಬ್ಯಾಗು ಕೆಳಗಿಡಲೂ ಮರೆತು. ಕೂಸು ನನ್ನ ಕಾಲಿನ ಹಿಂದೆ ಅಡಗಿತು. ಸೊಸೆ ಕೈ ಚಾಚಿದಳು, ಅದು ಇನ್ನೂ ಹಿಂದೆ ಸರಿಯಿತು. ನಾನು, “ಅವ್ವಾ, ಒಳಗ ಬಾ” ಎಂದೆ.

ಕೂಸು ನನ್ನ ಮುಖ ನೋಡಿತು. ತಟ್ಟನೆ ಒಳಗೆ ಓಡಿ, ಹಾಸಿಗೆಯ ಮೇಲಿದ್ದ ಫೋನು ತಂದು, ಅದರಲ್ಲಿ ನೋಡಿತು. ಫೋನು ಕಪ್ಪಗಿತ್ತು. ತಿರುವಿ ಹಿಂದೆಯೂ ನೋಡಿತು. ಆಮೇಲೆ ಬಾಗಿಲಲ್ಲಿ ನಿಂತವಳನ್ನು ನೋಡಿ, “ಅವ್ವ ಹೊರಗ ಬಂದ್ಳು” ಎಂದು ಮೆಲ್ಲಗೆ ಹೇಳಿತು. ಸೊಸೆ ಹೊಸ್ತಿಲ ಮೇಲೇ ಕೂತಳು. ಕೂಸು ನಡೆದು ಹೋಗಿ ಅವಳ ಮೂಗು ಮುಟ್ಟಿ ನೋಡಿತು, ಗಾಜು ಇದೆಯೋ ಇಲ್ಲವೋ ಎಂದು.

ಹೋಗುವ ಮೊದಲು ಎಲ್ಲರೂ ಬೀಡಿಗೆ ಹೋಗಿದ್ದೆವು. ಅಂಗಳದಲ್ಲಿ ನಾನು ಮತ್ತು ಸೊಸೆ ಒಯ್ಯುವ ಚಟ್ನಿಪುಡಿ ಕಟ್ಟುತ್ತಿದ್ದೆವು. ಕೂಸು ಅಜ್ಜನ ಜೊತೆ ಕುರಿ ನೋಡಲು ಹೋಗಿತ್ತು. ಹೇಳದೆ ಇರಲಾಗಲಿಲ್ಲ.

“ನೀ ಮನಿ ಸಿಗಲಿಲ್ಲ ಅಂದ ದಿನಾ ನನಗ...”

“ಗೊತ್ತೈತಿ ಬಿಡ್ರಿ,” ಎಂದಳು ಸೊಸೆ, ಚೀಲದ ಬಾಯಿ ಬಿಗಿಯುತ್ತ. “ನಿಮ್ಮ ಮಗನ ಮಾರಿ ಸಣ್ಣದಾಗಿತ್ತು. ಬಾಜೂಕ ನಿಮ್ಮ ಮಾರಿ ದೀಪಾ ಹಚ್ಚಿದಂಗಿತ್ತು. ಫೋನದಾಗ ಎಲ್ಲಾ ಕಾಣ್ತೈತ್ರಿ ಅತ್ತಿ.”

ನಾನು ಚೆಲ್ಲಿದ ಪುಡಿಯನ್ನು ಗೋರಿ ಚೀಲಕ್ಕೆ ಹಾಕಿದೆ.

“ಆವತ್ತ ಫೋನ್ ಇಟ್ಟ ಮ್ಯಾಲ ಭಾಳ ಅತ್ತೇನಿ. ನಿಮ್ಮ ಮ್ಯಾಲ ಸಿಟ್ಟೂ ಬಂದಿತ್ತು.” ಇನ್ನೊಂದು ಚೀಲ ಕೈಗೆತ್ತಿಕೊಂಡಳು. “ಮರುದಿನಾ ನೀವು ಅವ್ವಾ ಅಂದ್ರಿ.”

ಅಷ್ಟೇ ಅಂದಳು. ಪರವಾಗಿಲ್ಲ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಂಜೆಯವರೆಗೆ ಕೂತು ಚಟ್ನಿ ಕಟ್ಟಿದೆವು.

ಈಗ ಅವರು ಮೂವರೂ ಅಲ್ಲಿದ್ದಾರೆ. ಮಗನಿಗೂ ಯಂತ್ರದ ಕೆಲಸ ಸಿಕ್ಕಿದೆ. ಕೂಸು ಅಲ್ಲಿಯ ಬಾಲವಾಡಿಗೆ ಹೋಗುತ್ತದೆ, ಅವ್ವ ಬಂದು ಕರೆದುಕೊಂಡು ಹೋಗುತ್ತಾಳೆ. ಹೊಸ ಮನೆಯೂ ಅದೇ ಓಣಿಯಲ್ಲಿದೆ, ಮಿಕ್ಸರ್ ಸಪ್ಪಳಕ್ಕೆ ಬಾಗಿಲು ಬಡಿದ ಅಜ್ಜ ಈಗ ರವಿವಾರವೂ ಇದಕ್ಕೆ ಬಿಸ್ಕೀಟು ಕೊಡುತ್ತಾನಂತೆ. ನಾನು ಬೀಡಿಯ ಮನೆಯಲ್ಲಿ, ತುಂಬಿದ ಗದ್ದಲದ ನಡುವೆ, ಫೋನಿನ ದಾರಿ ಕಾಯುತ್ತೇನೆ. ಕೂಸು ಹತ್ತಿರ ಇಲ್ಲದಾಗ ಮಗ ಸಣ್ಣ ದನಿಯಲ್ಲಿ ಯವ್ವಾ ಎನ್ನುತ್ತಾನೆ.

ಮೊನ್ನೆ ಫೋನಿನಲ್ಲಿ ಸೊಸೆ ಕೂಸಿಗೆ ಹೆರಳು ಹಾಕುತ್ತಿದ್ದಳು. ಕೂಸು ನನ್ನನ್ನೇ ದಿಟ್ಟಿಸಿ ನೋಡುತ್ತಿತ್ತು. ಆಮೇಲೆ ಕೇಳಿತು, “ಆಯಿ, ನೀ ಯಾವಾಗ ಹೊರಗ ಬರ್ತಿ?”

ಸಾಂಬ್ರಾದಲ್ಲಿ ಕುಣಿದದ್ದೇ ನನ್ನೊಳಗೆ ಮತ್ತೆ ಕುಣಿಯಿತು. ಸೊಸೆಯ ಕೈ ಹೆರಳಿನಲ್ಲಿ ನಿಂತಿತ್ತು. ನಾನು ಫೋನನ್ನು ಸ್ವಲ್ಪ ಕುರಿದೊಡ್ಡಿಯ ಕಡೆ ತಿರುಗಿಸಿ, ಮರಿ ನೋಡು, ಹೊಸ ಮರಿ ನೋಡು ಎಂದೆ. ದೀಪ ಹಚ್ಚಿದಂಥ ನನ್ನ ಮಾರಿ ಸೊಸೆಗೆ ಕಾಣಬಾರದಿತ್ತು.